ಹುಣ್ಣಿನ ಕ್ರಿಮಿಗೇ ಸೋಂಕು, ಎದೆಲ್ಮಿರಾಗೆ ಓಡಾಟ

ಮಾದ್ರೆ ದೆ ದಿಯೋಸ್ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಎದೆಲ್ಮಿರಾ ಪೂಮಾ ದೋಣಿಯ ಮೋಟಾರಿನ ಹಗ್ಗ ಎಳೆಯುತ್ತಾರೆ. ಅದು ಕೆಮ್ಮಿ ಸುಮ್ಮನಾಗುತ್ತದೆ. ಬೈದು ಎಳೆದರೆ ಚಾಲೂ ಆಗುತ್ತದೆ. ಕಾಲ ಬಳಿ ಸೂಜಿಮದ್ದಿನ ಡಬ್ಬಿ. ಮೋಟಾರಿನ ಸದ್ದು ಕೇಳಿದ್ದೇ ತಡ, ದಡದ ಮನೆಯೊಂದರ ಹಿಂಬಾಗಿಲಿನಿಂದ ದಾಂಡಿಗನೊಬ್ಬ ಚಡ್ಡಿಯಲ್ಲೇ ಬಾಳೆತೋಟಕ್ಕೆ ನುಗ್ಗುತ್ತಾನೆ.

"ಇವನದ್ದೂ ಒಂದು ಓಟಾನಾ?" ಎಂದು ನಗುತ್ತಾರೆ ಎದೆಲ್ಮಿರಾ. "ಹೋದ ವರ್ಷ ಸತುರ್ನಿನೊ ಓಡಿದ್ದನ್ನ ನೋಡ್ಬೇಕಿತ್ತು ನೀವು."

ಕುಸ್ಕೊ ಬೆಟ್ಟದ ಆಲೂಗಡ್ಡೆ ಬೆಳೆಗಾರರ ಮಗಳು ಇವರು. ಈ ಕಾಡಿನ ಸೆಕೆಗೆ ಬಂದು ಒಂದೇ ಮಂಚದ ಆರೋಗ್ಯ ಠಾಣೆಯಲ್ಲಿ ದಾದಿಯಾಗಿ ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಇಲ್ಲಿ ಮರಳುನೊಣ ಕಚ್ಚಿದರೆ ಮೈಯಲ್ಲಿ ಮಾಯದ ಹುಣ್ಣು ಏಳುತ್ತದೆ. ಲೀಶ್ಮೇನಿಯಾ ಎಂಬ ಏಕಕೋಶದ ಪರೋಪಜೀವಿಯ ಕೆಲಸ ಅದು. ಅಸಡ್ಡೆ ಮಾಡಿದರೆ ಮುಂದೆಂದೋ ಮೂಗಿಗೆ ಹತ್ತಿ, ಮೂಗನ್ನೇ ತಿಂದುಹಾಕುತ್ತದೆ. ಮದ್ದೆಂದರೆ ಇಪ್ಪತ್ತು ದಿನ, ದಿನಕ್ಕೊಂದು ಸೂಜಿ. ಚುಚ್ಚಿಸಿಕೊಂಡವರು ಕುಂಡೆ ಊರಿ ಕೂರಲಾರರು. ಹಾಗಾಗಿ ಎದೆಲ್ಮಿರಾ ಅವರ ಕೆಲಸದಲ್ಲಿ ಚುಚ್ಚುವುದು ಕಡಿಮೆ, ಹಿಡಿಯುವುದು ಹೆಚ್ಚು.

ಮರ ಕೊಯ್ಯುವ ಸತುರ್ನಿನೊನ ಮೊಣಕೈ ಮೇಲೆ ಅಂಥದೇ ಹುಣ್ಣು ಎದ್ದಿತ್ತು. ಲೀಮಾದ ವೈದ್ಯರು ಅದನ್ನು ಕೆರೆದು ಒಯ್ದು ಪರೀಕ್ಷಿಸಿ, ಲೀಶ್ಮೇನಿಯಾದ ಒಳಗೇ ಒಂದು ವೈರಸ್ ಮನೆ ಮಾಡಿದೆ ಎಂದು ಹೇಳಿ ಕಳಿಸಿದರು. ಎದೆಲ್ಮಿರಾ ಅದನ್ನು ಸರಳ ಮಾಡಿ, "ನಿನ್ನ ಕ್ರಿಮಿಗೂ ಸೋಂಕು ತಗುಲಿದೆಯಂತೆ" ಎಂದುಬಿಟ್ಟರು.

ಸತುರ್ನಿನೊ ಕುಣಿದಾಡಿದ. "ಕಳ್ಳನ ಮನೆಗೇ ಕನ್ನ ಬಿತ್ತು! ಅದೇ ಕಾಯಿಲೆ ಬಿದ್ದು ಸಾಯೋವಾಗ ನಾನ್ಯಾಕಕ್ಕಾ ಚುಚ್ಚಿಸ್ಕೊಳ್ಳಲಿ?"

ಅಂದು ಸಂಜೆ ಅವನ ಮನೆಯಲ್ಲಿ ಮರಗೆಣಸಿನ ಹೆಂಡದ ಗಡಿಗೆ ಬರಿದಾಯಿತು. ಹುಣ್ಣಿನ ಕ್ರಿಮಿಯ ಸಾವಿಗೆ ಊರೆಲ್ಲ ಕುಡಿಯಿತು. ಅಷ್ಟರಲ್ಲಿ ಚುಚ್ಚಿಸಿಕೊಂಡಿದ್ದ ಐದು ಸೂಜಿಗೇ ಚಿಕಿತ್ಸೆ ನಿಂತಿತು.

ಎದೆಲ್ಮಿರಾ ಗಾಬರಿಯಾಗಿ ಲೀಮಾಕ್ಕೆ ಫೋನು ಮಾಡಿದರು. ಆ ವೈರಸ್ ಕ್ರಿಮಿಯನ್ನು ಕೊಲ್ಲುವುದಿಲ್ಲ, ಅದರೊಳಗೆ ಹಾಯಾಗಿರುತ್ತದೆ. ಅದನ್ನು ಕಂಡು ಕೆರಳುವುದು ನಮ್ಮ ಮೈ, ಆ ರಾದ್ಧಾಂತದಲ್ಲಿ ರೋಗವೇ ಬಲಿಯಬಹುದು ಎಂದರು ವೈದ್ಯರು. "ನನ್ನ ಬಾಯಿಂದ ಒಬ್ಬನ ಮೂಗು ಹೋಗತ್ತಲ್ಲಪ್ಪಾ ಅಂದ್ಕೊಂಡೆ" ಎನ್ನುತ್ತಾರೆ ಎದೆಲ್ಮಿರಾ. ತಪ್ಪು ಹೇಳಿದೆ ಎಂದು ಓಡಿಹೋಗಿ ತಿಳಿಸಿದರೆ ಸತುರ್ನಿನೊ ನಂಬಲಿಲ್ಲ. "ಮೊನ್ನೆ ಒಂದು, ಇವತ್ತೊಂದು. ನಿನ್ನ ಹತ್ರ ಮದ್ದು ಮಿಕ್ಕಿರಬೇಕು, ಅದಕ್ಕೇ ನನ್ನ ಹಿಂದೆ ಬಿದ್ದಿದೀಯ" ಎಂದು ಬಾಗಿಲು ಹಾಕಿಕೊಂಡ.

ಆಗ ಎದೆಲ್ಮಿರಾ ಅವನ ಹೆಂಡತಿ ಬಾಸಿಲಿಯಾಳ ಕಿವಿಯಲ್ಲಿ ಏನೋ ಹೇಳಿದರು. ಮರುದಿನ ಬೆಳಗ್ಗೆ ಹೋಗಿ ಅವರ ಮನೆಯ ಜಗಲಿಯಲ್ಲಿ ಕೂತೇಬಿಟ್ಟರು. ಸತುರ್ನಿನೊ ತೋಟದಲ್ಲಿ ಅಡಗಿದ. ಅತಿಥಿ ಬಂದಿದ್ದಾರೆಂದು ಬಾಸಿಲಿಯಾ ಒಂದು ಕೋಳಿ ಕೊಯ್ದು ಸಾರು ಮಾಡಿದಳು. ಅದರ ಮರುದಿನ ಇನ್ನೊಂದು. ಮೂರನೆಯ ಬೆಳಗ್ಗೆ ಗೂಡಿನಲ್ಲಿ ಉಳಿದದ್ದು ಸತುರ್ನಿನೊ ಜೀವದಂತೆ ಸಾಕಿದ್ದ ಕಾಳಗದ ಹುಂಜ. ಬಾಸಿಲಿಯಾ ಅದರ ರೆಕ್ಕೆ ಹಿಡಿದು, "ಅಕ್ಕಾ, ಇವತ್ತು ಸಾರಿಗೆ ಮೆಣಸಿನಕಾಯಿ ಜಾಸ್ತಿ ಹಾಕ್ಲಾ?" ಎಂದು ಊರಿಗೆ ಕೇಳುವಂತೆ ಕೂಗಿದಳು.

ತೋಟದಿಂದ ಸತುರ್ನಿನೊ ಬಾಣದಂತೆ ಬಂದ. ಚಡ್ಡಿ ಜಾರಿಸಿ ಜಗಲಿ ಮೇಲೆ ಬೋರಲು ಬಿದ್ದ. "ಚುಚ್ಚು ತಾಯೀ, ಎಷ್ಟು ಬೇಕಾದ್ರೂ ಚುಚ್ಚು! ಅವನನ್ನ ಬಿಟ್ಬಿಡು!"

ಚಿಕಿತ್ಸೆ ಮತ್ತೆ ಮೊದಲಿನಿಂದ ಶುರುವಾಯಿತು. ಅವನು ದಿನಾ ಬೈದ, ದಿನಾ ಚುಚ್ಚಿಸಿಕೊಂಡ. ಹುಣ್ಣು ಮಾಯಿತು. ಒಂದು ವರ್ಷ ಕಳೆದರೂ ಎದೆಲ್ಮಿರಾ ದಾರಿಯಲ್ಲಿ ಸಿಕ್ಕಾಗಲೆಲ್ಲ ಅವನ ಗದ್ದ ಹಿಡಿದೆತ್ತಿ ಮೂಗಿನ ಹೊಳ್ಳೆಗೆ ಬ್ಯಾಟರಿ ಬಿಟ್ಟು ನೋಡುತ್ತಾರೆ. "ಮದುವೆ ಮನೆಯಲ್ಲೂ ಬಿಡಲ್ಲ ಇವಳು" ಎಂದು ಗೊಣಗುತ್ತಾನೆ ಸತುರ್ನಿನೊ. ಆದರೂ ಗದ್ದ ಎತ್ತುತ್ತಾನೆ.

ಏನಾದರೂ ಆಸೆ ಉಳಿದಿದೆಯೇ ಎಂದರೆ ಎದೆಲ್ಮಿರಾ ಸೂಕ್ಷ್ಮದರ್ಶಕದ ಮಾತೆತ್ತುತ್ತಾರೆ. ಠಾಣೆಯ ಸೂಕ್ಷ್ಮದರ್ಶಕದಲ್ಲಿ ಲೀಶ್ಮೇನಿಯಾ ಕಾಣುತ್ತದೆ, ಅದರೊಳಗಿನ ವೈರಸ್ ಕಾಣುವುದಿಲ್ಲ.

"ಲೀಮಾದಲ್ಲಿ ದೊಡ್ಡ ಯಂತ್ರ ಇದೆಯಂತಲ್ಲ, ಅದರಲ್ಲಿ ಒಂದೇ ಒಂದ್ಸಲ ಆ ವೈರಸ್ಸಿನ ಮುಖ ನೋಡ್ಬೇಕು" ಎನ್ನುತ್ತಾರೆ. "ಮುಖಕ್ಕೆ ಮುಖ ಕೊಟ್ಟು ನಾಲ್ಕು ಮಾತು ಬೈದು ಬರ್ತೀನಿ."