ಪಕ್ಕದ ಮನೆಯಲ್ಲಿಟ್ಟ ಹೆಪ್ಪು

ಊಟಕ್ಕೆ ಕೂತವರು ಎಷ್ಟೇ ಹಸಿದಿರಲಿ, ಎಷ್ಟೇ ದೊಡ್ಡ ಮನುಷ್ಯರಾಗಿರಲಿ, ಗೌರಮ್ಮ ಆಂಟಿ ಮೊಸರಿನ ಪಾತ್ರೆಗೆ ಸೌಟು ಹಾಕುವ ಮುಂಚೆ ಒಂದು ಚಮಚ ಮೊಸರನ್ನು ಪುಟ್ಟ ಸ್ಟೀಲ್ ಬಟ್ಟಲಿಗೆ ತೆಗೆದಿಟ್ಟೇ ಬಡಿಸುತ್ತಿದ್ದರು. ಅದು ನಾಳೆಯ ಹೆಪ್ಪು. ಮಗಳು ಸುಮಾಳ ನಿಶ್ಚಿತಾರ್ಥದ ದಿನ ಬೀಗರೆಲ್ಲ ಅನ್ನದಲ್ಲಿ ಗುಳಿ ಮಾಡಿಕೊಂಡು ಕಾಯುತ್ತಿದ್ದರೂ ಈ ಕ್ರಮ ತಪ್ಪಲಿಲ್ಲ. "ಉಂಡ ಮ್ಯಾಲೆ ತೆಗೆದಿಡ್ತೀನಿ ಅಂದೋರ ಮನ್ಯಾಗೆ ಹೆಪ್ಪು ಉಳಿಯಂಗಿಲ್ಲ ಕಣವ್ವ" ಅನ್ನುವುದು ಅವರ ಮಾತು. ದಾವಣಗೆರೆ ಕಡೆಯಿಂದ ಮದುವೆಯಾಗಿ ಮೂಡಲಪಾಳ್ಯಕ್ಕೆ ಬಂದವರು ಆ ಕಡೆಯ ಮಾತನ್ನೂ ಬಿಟ್ಟಿರಲಿಲ್ಲ, ಆ ಕಡೆಯ ಹೆಪ್ಪನ್ನೂ ಬಿಟ್ಟಿರಲಿಲ್ಲ. ಅವರ ತಾಯಿ ಗಂಡನ ಮನೆಗೆ ಕಳಿಸುವಾಗ ಕೊಟ್ಟ ಹೆಪ್ಪಿನ ಸಂತತಿಯೇ ಇದು ಅಂತ ಅವರ ವಾದ. ಮೊಸರಿಗೂ ವಂಶಾವಳಿ ಇರುತ್ತದೆ ಅಂತ ನನಗೆ ತಿಳಿದದ್ದು ಅವರಿಂದಲೇ.

ನಾನು ಅವರ ಪಕ್ಕದ ಮನೆಗೆ ಬಾಡಿಗೆಗೆ ಬಂದ ವಾರದಲ್ಲೇ ಆಂಟಿ ನನ್ನ ಮನೆಯ ಇನ್ನೊಂದು ಬೀಗದ ಕೈ ಕೇಳಿ ಇಸಕೊಂಡರು. ಯಾವುದೇ ಆಗಲಿ, ಒಂದು ತುಂಡು ಎತ್ತಿಡಬೇಕು, ಆ ತುಂಡು ಬೇರೆಯವರ ಮನೆಯಲ್ಲಿರಬೇಕು ಅನ್ನುವುದು ಅವರ ಧರ್ಮ. ಅರ್ಧ ಬೀದಿಯ ಬೀಗದ ಕೈಗಳು ಅವರ ಉಪ್ಪಿನಕಾಯಿ ಜಾಡಿಯಲ್ಲಿದ್ದವು. ಯಾವುದು ಯಾರದ್ದು ಅಂತ ಮಾತ್ರ ಅವರಿಗೂ ಗೊತ್ತಿರಲಿಲ್ಲ. ಯಾರಾದರೂ ಬೀಗದ ಕೈ ಮರೆತು ಹೊರಗೆ ನಿಂತರೆ ಆಂಟಿ ಜಾಡಿ ಸಮೇತ ಹೋಗಿ ಒಂದೊಂದನ್ನೇ ತಿರುವಿ ನೋಡುವರು. ಒಮ್ಮೆ ಹೀಗೆ ತಿರುವುತ್ತಾ ತಿರುವುತ್ತಾ ಎದುರು ಮನೆಯವರ ಬದಲು ಅವರ ಪಕ್ಕದ ಮನೆಯ ಬಾಗಿಲನ್ನೇ ತೆಗೆದು, ಒಳಗೆ ನಿದ್ದೆ ಮಾಡುತ್ತಿದ್ದ ಯಜಮಾನರನ್ನು ಎಬ್ಬಿಸಿ, ನೀವ್ಯಾಕೆ ಇಲ್ಲಿ ಮಲಗಿದ್ದೀರಿ ಅಂತ ಗದರಿಸಿದ್ದರಂತೆ.

ತಮ್ಮ ಹೆಪ್ಪಿನ ಒಂದು ಪಾಲನ್ನೂ ನನ್ನ ಮನೆಯಲ್ಲಿ ಇಟ್ಟರು. ನಾನು ಆ ಹೆಪ್ಪಿನಲ್ಲೇ ಮೊಸರು ಹಾಕಿಕೊಳ್ಳಬೇಕು, ಅವರ ಹಾಲು ಒಡೆದ ದಿನ ವಾಪಸು ಕೊಡಬೇಕು. ಒಂದೇ ಷರತ್ತು. ಸಂಜೆ ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವಂತಿಲ್ಲ, ಕೇಳುವಂತೆಯೂ ಇಲ್ಲ. ಕೊಟ್ಟರೆ ಲಕ್ಷ್ಮಿ ಅದರ ಜೊತೆಗೇ ಹೊರಟು ಹೋಗುತ್ತಾಳೆ. ಜನಕ್ಕೆ ಹೆಪ್ಪು ನೆನಪಾಗುವುದೇ ರಾತ್ರಿ ಹಾಲು ಕಾಯಿಸುವಾಗ. ಹಾಗಾಗಿ ನಮ್ಮ ಬೀದಿಯಲ್ಲಿ ಖಾಲಿ ಬಟ್ಟಲು ಹಿಡಿದು ವಾಪಸಾದವರೇ ಹೆಚ್ಚು.

ಇಂಥ ಆಂಟಿಯ ಮುಂದೆ ನಾನು ಹೊಸ ಲ್ಯಾಪ್‌ಟಾಪ್ ತಂದಿಟ್ಟೆ. ಡಿಟಿಪಿ ಅಂಗಡಿಯ ಕೆಲಸ ಬಿಟ್ಟು ಮನೆಯಲ್ಲೇ ಪುಸ್ತಕಗಳನ್ನು ಟೈಪ್ ಮಾಡಿಕೊಡುವ ಧೈರ್ಯ ಮಾಡಿದ್ದೆ. ಕಂಪ್ಯೂಟರ್ ಅಂಗಡಿಯಲ್ಲಿದ್ದವುಗಳ ಪೈಕಿ ಅತಿ ಅಗ್ಗದ್ದು ಅದು. ಆಂಟಿ ಕುಂಕುಮ ಹಚ್ಚಿ, ಡಬ್ಬದೊಳಗೆ ಕೈ ಹಾಕಿ ತಡಕಿದರು. ಚಾರ್ಜರ್ ಬಿಟ್ಟು ಏನೂ ಸಿಗಲಿಲ್ಲ. ಅವರ ಅಳಿಯನ ಹಳೆಯ ಕಂಪ್ಯೂಟರಿನ ಜೊತೆ ಡಿಸ್ಕುಗಳು ಬಂದಿದ್ದವಂತೆ, ಕೆಟ್ಟಾಗ ಅವನ್ನು ಹಾಕಿ ಮೊದಲಿನಂತೆ ಮಾಡಿದ್ದನಂತೆ. ಇದರದ್ದೆಲ್ಲಿ ಅಂತ ಕೇಳಿದರು. ಈಗ ಡಿಸ್ಕು ಕೊಡುವುದಿಲ್ಲ, ಎಲ್ಲಾ ಲ್ಯಾಪ್‌ಟಾಪ್ ಒಳಗೇ ಒಂದು ಮೂಲೆಯಲ್ಲಿ ಇಟ್ಟಿರುತ್ತಾರೆ ಅಂತ ಅಂಗಡಿಯವನ ಪಾಠವನ್ನು ಒಪ್ಪಿಸಿದೆ.

ಆಂಟಿ ನನ್ನ ಮುಖವನ್ನೇ ನೋಡಿದರು. "ಹಾಲಿನ ಪಾತ್ರ್ಯಾಗೇ ಹೆಪ್ಪು ಇಟ್ರೆ, ಹಾಲು ಒಡೆದ ದಿನ ಏನು ಮಾಡ್ತೀಯವ್ವ?"

ಅಲ್ಲಿಂದ ಅವರು ನನ್ನನ್ನು ಬಿಡಲಿಲ್ಲ. ಬೆಳಗ್ಗೆ ಹಾಲಿಗೆ ಹೋದರೆ ಡಿಸ್ಕು, ಸಂಜೆ ಬಟ್ಟೆ ತೆಗೆಯಲು ಮಹಡಿಗೆ ಹೋದರೆ ಡಿಸ್ಕು. ಕಾಟ ತಾಳಲಾರದೆ ಅವರ ಮುಂದೆಯೇ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿದೆ. ಕನ್ನಡಕ್ಕೆ ಯಾವುದೋ ಗುಂಡಿ ಒತ್ತಿ, ಸಂಗೀತ ಕೇಳಿ ಕೇಳಿ, ಕೊನೆಗೆ ಒಬ್ಬ ಹುಡುಗ ಸಿಕ್ಕಿದ. ಆಂಟಿ ಫೋನ್ ಕಿತ್ತುಕೊಂಡು ಮೊದಲು ಯಾವ ಊರು ಅಂತ ವಿಚಾರಿಸಿದರು. ರಾಣೆಬೆನ್ನೂರು. ಅಷ್ಟು ಸಾಕಾಯಿತು. ರಾಣೆಬೆನ್ನೂರಿನಲ್ಲಿ ಅವರ ಚಿಕ್ಕಮ್ಮನಿದ್ದಳು. ನನಗಾದರೆ ಎರಡು ಮಾತು ಹೇಳಿ ಇಡುತ್ತಿದ್ದ ಹುಡುಗ, ಆಂಟಿಗೆ ಎಲ್ಲವನ್ನೂ ಬಿಡಿಸಿ ಹೇಳಿದ. ಕಂಪನಿಯಿಂದ ತರಿಸಿದರೆ ದುಡ್ಡೂ ಆಗುತ್ತದೆ, ತಡವೂ ಆಗುತ್ತದೆ. ಅದರ ಬದಲು ಖಾಲಿ ಡಿಸ್ಕು ತಂದು ನಾವೇ ಮಾಡಿಕೊಳ್ಳಬಹುದು, ಲ್ಯಾಪ್‌ಟಾಪಿನಲ್ಲೇ ಅದಕ್ಕೊಂದು ದಾರಿ ಇದೆ. ಆದರೆ ಒಂದೇ ಒಂದು ಸಲ ಮಾಡಲು ಬಿಡುತ್ತದೆ, ನಡುವೆ ಕೆಟ್ಟರೆ ಕೆಟ್ಟಂತೆ.

ಆ ಭಾನುವಾರ ಆಂಟಿಯ ಊಟದ ಮೇಜಿನ ಮೇಲೆ ಡಿಸ್ಕು ಬರೆಯುವ ಕಾರ್ಯ ನಡೆಯಿತು. ಹಾಲಿಗೆ ಹೆಪ್ಪು ಹಾಕಿದ ಪಾತ್ರೆಯನ್ನು ಅಲುಗಿಸಬಾರದು ತಾನೇ? ಅದೇ ನಿಯಮ ಇಲ್ಲಿಗೂ ಬಂತು. ಯಾರೂ ಮೇಜು ಮುಟ್ಟುವಂತಿಲ್ಲ, ಜೋರಾಗಿ ಓಡಾಡುವಂತಿಲ್ಲ. ಮಿಕ್ಸಿ ಬಂದ್. ಸುಮಾಳ ಗಂಡ ಪಾಪ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡ. ಒಂದೊಂದು ಡಿಸ್ಕು ಹೊರಬಂದಾಗಲೂ ಆಂಟಿ ಅದನ್ನು ಸೀರೆಯ ಸೆರಗಿನಲ್ಲಿ ಹಿಡಿದು, ಬಿಸಿ ಆರಿದ ಮೇಲೆ ಸ್ಟೀಲ್ ಡಬ್ಬಿಗೆ ಹಾಕಿದರು. ಎಲ್ಲಾ ಮುಗಿದ ಮೇಲೆ ನಾನು ಡಬ್ಬಿಗೆ ಕೈ ಚಾಚಿದರೆ, ಅವರು ಅದನ್ನು ತಮ್ಮ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿಟ್ಟು ಬೀಗ ಹಾಕಿದರು. ನನ್ನ ಹೆಪ್ಪು ಅವರ ಮನೆಯಲ್ಲಿ, ಅವರ ಹೆಪ್ಪು ನನ್ನ ಮನೆಯಲ್ಲಿ. ಲೆಕ್ಕ ಸರಿಹೋಯಿತು.

ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ ಬಸವೇಶ್ವರನಗರದ ನಿವೃತ್ತ ಎಂಜಿನಿಯರ್ ಒಬ್ಬರ ಆತ್ಮಕಥೆ. ತಾವು ಕಟ್ಟಿಸಿದ ಪ್ರತಿಯೊಂದು ನೀರಿನ ಟ್ಯಾಂಕಿನ ಬಗ್ಗೆಯೂ ಬರೆದಿದ್ದರು. ತಿಂಗಳುಗಟ್ಟಲೆ ಟೈಪ್ ಮಾಡಿ, ತಿದ್ದಿ, ಮುದ್ರಣಕ್ಕೆ ಕೊಡುವ ಹಿಂದಿನ ದಿನ ಸಂಜೆ ಲ್ಯಾಪ್‌ಟಾಪ್ ಮಲಗಿತು. ಕರಿ ಪರದೆ, ಮೂಲೆಯಲ್ಲಿ ಮಿಟುಕುವ ಒಂದು ಗೆರೆ, ಅಷ್ಟೇ. ಲ್ಯಾಪ್‌ಟಾಪಿಗೆ ಹೆಪ್ಪು ಎತ್ತಿಟ್ಟಿದ್ದ ನಾನು ಪುಸ್ತಕಕ್ಕೆ ಎತ್ತಿಟ್ಟಿರಲಿಲ್ಲ. ಡಿಸ್ಕು ಹಾಕಿದರೆ ಪುಸ್ತಕವೂ ಸೇರಿ ಎಲ್ಲಾ ಮರಳಿ ಬರುತ್ತದೆ ಅಂತಲೇ ನಂಬಿದ್ದೆ. ಇದು ಹೋದರೆ ಮತ್ತೆ ಡಿಟಿಪಿ ಅಂಗಡಿಯವನ ಮುಂದೆ ಹೋಗಿ ನಿಲ್ಲಬೇಕು. ಪಕ್ಕದ ಮನೆಗೆ ಓಡಿದೆ.

ದೇವರ ಮುಂದೆ ದೀಪ ಉರಿಯುತ್ತಿತ್ತು. ಡಬ್ಬಿ ಕೊಡಿ ಅಂದೆ. ಬೆಳಗ್ಗೆ ಬಾ ಅಂದರು.

"ಆಂಟಿ, ಅದು ಮೊಸರಲ್ಲ, ಡಿಸ್ಕು."

"ಹೆಪ್ಪು ಹೆಪ್ಪೇ ಕಣವ್ವ. ದೀಪ ಹಚ್ಚೀನಿ, ಕೊಡಂಗಿಲ್ಲ."

ಬೇಡಿದೆ, ರೇಗಿದೆ, ಅತ್ತೆ. ಸುಮಾ ಕೂಡ ನನ್ನ ಪರವಾಗಿ ವಾದಿಸಿದಳು. ಆಂಟಿ ಬೀರುವಿನ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನಗೆ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದರು. ಸಿಟ್ಟಿನಲ್ಲೇ ಉಂಡೆ. ಚೆನ್ನಾಗಿತ್ತು ಅನ್ನುವುದು ಇನ್ನೂ ಸಿಟ್ಟು ತರಿಸಿತು. ಮನೆಗೆ ಬಂದು, ಮಾಡಲು ಬೇರೆ ಕೆಲಸವಿಲ್ಲದೆ, ಡಿಸ್ಕು ಹಾಕುವ ಕ್ರಮವನ್ನಾದರೂ ತಿಳಿದುಕೊಳ್ಳೋಣ ಅಂತ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಈ ಸಲ ಒಬ್ಬ ಹುಡುಗಿ. ಕ್ರಮವೆಲ್ಲ ಹೇಳಿ, ಕೊನೆಗೆ ಒಂದು ಮಾತು ಸೇರಿಸಿದಳು: ನಿಮ್ಮ ಫೈಲುಗಳೆಲ್ಲ ಅಳಿಸಿ ಹೋಗುತ್ತವೆ ಮೇಡಂ, ಮೊದಲೇ ಕಾಪಿ ಮಾಡಿಕೊಂಡಿದ್ದೀರಲ್ಲ? ಆ ಡಿಸ್ಕುಗಳಲ್ಲಿ ಇದ್ದದ್ದು ಅಂಗಡಿಯಿಂದ ಬಂದ ದಿನದ ಬರೀ ಲ್ಯಾಪ್‌ಟಾಪ್. ಹಾಕಿದ್ದರೆ ಎಂಜಿನಿಯರ್ ಸಾಹೇಬರ ಟ್ಯಾಂಕುಗಳೆಲ್ಲ ಒಟ್ಟಿಗೇ ಬರಿದಾಗುತ್ತಿದ್ದವು.

ಬೆಳಗ್ಗೆ ಚಂದ್ರಾ ಲೇಔಟಿನ ರಿಪೇರಿ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಸಿ ಪುಸ್ತಕವನ್ನು ಪೆನ್‌ಡ್ರೈವಿಗೆ ತೆಗೆಸಿಕೊಂಡು ಮುದ್ರಣಕ್ಕೆ ಕೊಟ್ಟೆ. ಆಮೇಲೆ ಆಂಟಿಯ ಮೇಜಿನ ಮೇಲೆ ಡಿಸ್ಕುಗಳನ್ನು ಒಂದರ ಹಿಂದೆ ಒಂದು ಹಾಕಿದರೆ ಲ್ಯಾಪ್‌ಟಾಪ್ ಏನೂ ಆಗಿಲ್ಲವೆಂಬಂತೆ ಎದ್ದು ಕೂತಿತು. ರಾತ್ರಿ ಡಿಸ್ಕು ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ವಿವರಿಸಿದೆ. ಅವರಿಗೂ ಅದು ಹೊಸ ಸಂಗತಿಯೇ. ಆದರೂ, ಅದಕ್ಕೇ ಹಿರಿಯರು ಹೇಳಿದ್ದು ಅಂತ ತಕ್ಷಣ ಅದರ ಹೆಗ್ಗಳಿಕೆಯನ್ನು ತಮ್ಮದಾಗಿಸಿಕೊಂಡರು. ಹಿರಿಯರು ಲ್ಯಾಪ್‌ಟಾಪ್ ಎಲ್ಲಿ ನೋಡಿದ್ದರು ಅಂತ ಕೇಳದೆ ನಾನು ಬಿಡಲಿಲ್ಲ.

"ಲ್ಯಾಪ್‌ಟಾಪು ನೋಡಿರಲಿಕ್ಕಿಲ್ಲ. ಗಾಬರಿ ನೋಡಿದ್ರಲ್ಲವ್ವ."

ಆ ಲ್ಯಾಪ್‌ಟಾಪ್ ಅಗ್ಗದ್ದಾದರೂ ಬಹಳ ವರ್ಷ ದುಡಿಯಿತು. ಅದರ ನಂತರ ತಂದದ್ದನ್ನು ಆಂಟಿ ನಾಲ್ಕೂ ಕಡೆ ತಿರುಗಿಸಿ ನೋಡಿ, ಡಿಸ್ಕು ಹಾಕುವ ಜಾಗವೇ ಕಾಣದೆ, "ಇದಕ್ಕೆ ಬಾಯೇ ಇಲ್ವಲ್ಲವ್ವ" ಅಂತ ಮರುಗಿದರು. ಹಳೆಯ ಡಬ್ಬಿಯನ್ನು ಮಾತ್ರ ಬೀರುವಿನಿಂದ ತೆಗೆಯಲಿಲ್ಲ.

ಹೋದ ವರ್ಷ ಆಂಟಿ ಆಸ್ಪತ್ರೆ ಸೇರಿದರು. ನೋಡಲು ಹೋದಾಗ ದನಿ ತೀರಾ ಕ್ಷೀಣವಾಗಿತ್ತು. ನನ್ನ ಕೈ ಹಿಡಿದು, ಹೆಪ್ಪು ಐತೇನು ಅಂತ ಕೇಳಿದರು. ಇದೆ ಆಂಟಿ ಅಂದೆ. "ಎತ್ತಿಟ್ಟೇ ಉಣ್ಣು" ಅಂದರು. ಅದೇ ಕೊನೆಯ ಮಾತು. ಆಟೋದಲ್ಲಿ ಮನೆ ಮುಟ್ಟುವವರೆಗೂ ಅತ್ತೆ. ಅಮ್ಮನಲ್ಲದವರಿಗಾಗಿ ಅಷ್ಟು ಅತ್ತದ್ದು ಅದೇ ಮೊದಲು.

ಅವರು ಹೋದ ಮೇಲೆ ಒಂದು ಸಂಜೆ ಸುಮಾ ಬಂದಳು. ಒಂದು ಕೈಯಲ್ಲಿ ನನ್ನ ಡಿಸ್ಕಿನ ಡಬ್ಬಿ. ಬೀರು ಖಾಲಿ ಮಾಡುವಾಗ ಸಿಕ್ಕಿತಂತೆ. ಇನ್ನೊಂದು ಕೈಯಲ್ಲಿ ಆ ಪುಟ್ಟ ಸ್ಟೀಲ್ ಬಟ್ಟಲು. ಆಸ್ಪತ್ರೆಯ ಓಡಾಟದಲ್ಲಿ ಮನೆಯಲ್ಲಿ ಯಾರೂ ಮೊಸರು ಹಾಕಿರಲಿಲ್ಲ, ಹೆಪ್ಪು ಕೆಟ್ಟು ಹೋಗಿತ್ತು. ಅಜ್ಜಿಯಿಂದ ಬಂದದ್ದು ಅಮ್ಮನ ಜೊತೆಗೇ ಹೋಯಿತು ಅಂದುಕೊಂಡಿದ್ದಳಂತೆ, ಆಮೇಲೆ ನನ್ನ ನೆನಪಾಯಿತಂತೆ. ಕಣ್ಣು ಕೆಂಪಾಗಿತ್ತು. ಒಂದು ಚಮಚ ಇದ್ದರೆ ಸಾಕು ಅಂದಳು.

ಇದೆ ಅಂತ ಫ್ರಿಜ್ಜಿನ ಬಾಗಿಲು ತೆಗೆದೆ. ಪಾತ್ರೆಗೆ ಕೈ ಹಾಕಿದವಳು ಹಾಗೇ ನಿಂತೆ. ನಾನು ಶಕುನ ನಂಬುವವಳಲ್ಲ, ಈಗಲೂ ಅಲ್ಲ. ಆದರೂ ಬಾಗಿಲು ಮುಚ್ಚಿ ಅವಳ ಕಡೆ ತಿರುಗಿದೆ.

"ದೀಪ ಹಚ್ಚಾಯ್ತು ಕಣೇ. ಬೆಳಗ್ಗೆ ಬಾ."

ಸುಮಾ ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಗೋಡೆಗೆ ಒರಗಿ ನಗತೊಡಗಿದಳು. ನಾನೂ ನಕ್ಕೆ. ಇಬ್ಬರಿಗೂ ಕಣ್ಣಲ್ಲಿ ನೀರು ಬರುವಷ್ಟು ಹೊತ್ತು ನಕ್ಕೆವು.

ಬೆಳಗ್ಗೆ ಕಾಫಿಗೂ ಮುಂಚೆ ಬಟ್ಟಲು ಹಿಡಿದು ಬಾಗಿಲಲ್ಲಿದ್ದಳು. ಒಂದು ಚಮಚ ನನ್ನ ಮನೆಗೆ ತೆಗೆದಿಟ್ಟು, ಅವಳ ಬಟ್ಟಲು ತುಂಬಿ ಕೊಟ್ಟೆ.