ಅತ್ತೆಗೆ ಕೊಡದ ಮಾರ್ಫಿನ್

ಕೀಲ್ಪಾಕ್‌ನ ಒಂದು ಪ್ರಯೋಗಾಲಯದಲ್ಲಿ ನನ್ನ ಕೆಲಸ ಇಲಿಗಳ ಜೊತೆ. ಕೆಲವಕ್ಕೆ ಮದ್ಯ, ಕೆಲವಕ್ಕೆ ಮಾರ್ಫಿನ್ ಕೊಟ್ಟು, ಯಾವುದರ ಚಟ ಅವುಗಳನ್ನು ಹೇಗೆ ಹಿಡಿಯುತ್ತದೆಂದು ಹೋಲಿಸಿ ನೋಡುತ್ತೇನೆ. ಮದ್ಯವನ್ನು ಹೆಚ್ಚಿನ ಇಲಿಗಳು ಮೊದಲಿಗೆ ಮೂಸಿಯೂ ನೋಡುವುದಿಲ್ಲ. ಸಕ್ಕರೆ ಬೆರೆಸಿ ರುಚಿ ಹತ್ತಿಸಬೇಕು, ಆಮೇಲೆ ಮೆಲ್ಲಗೆ ಸಕ್ಕರೆ ಕಡಿಮೆ ಮಾಡುತ್ತಾ ಬರಬೇಕು.

ನಮ್ಮ ಭಾವನಿಗೆ, ಅಂದರೆ ಗಂಡನ ಅಣ್ಣನಿಗೆ, ಸಕ್ಕರೆ ಬೇಕಾಗಿರಲಿಲ್ಲ. ಅಂಬತ್ತೂರಿನ ತಮ್ಮ ಹೋಟೆಲಿನ ಗಲ್ಲಾದಿಂದ ಎದ್ದು ಮನೆಗೆ ಬಂದವರೇ ಬಾಟಲಿ ತೆರೆಯುತ್ತಿದ್ದರು.

ಅತ್ತೆಯ ಕ್ಯಾನ್ಸರ್ ಎಲುಬಿಗೆ ಹರಡಿದಾಗ ಡಾಕ್ಟರು ಮಾರ್ಫಿನ್ ಮಾತ್ರೆ ಬರೆದುಕೊಟ್ಟರು. ಭಾವ ಆ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ಬೇಡ ಮಾರಾಯ್ತಿ. ಅಮ್ಮನಿಗೆ ಅದರ ಚಟ ಹಿಡಿದ್ರೆ ಮತ್ತೆ ಬಿಡ್ಲಿಕ್ಕೆ ಆಗುದಿಲ್ಲ," ಎಂದರು. ಕೈಯಲ್ಲಿ ಗ್ಲಾಸಿತ್ತು.

ನೋವಿಗೆಂದು ಅಳೆದು ಕೊಡುವುದೇ ಬೇರೆ, ನಾವು ಇಲಿಗೆ ಚಟ ಹಿಡಿಸುವುದೇ ಬೇರೆ ಎಂದು ಬಾಯಿ ನೋಯುವಷ್ಟು ಹೇಳಿದೆ.

"ನಿನ್ನ ಇಲಿ ಪುರಾಣ ಇಲ್ಲಿ ಬೇಡ," ಎಂದರು. ನನ್ನ ಗಂಡ ಟಿವಿಯ ಸದ್ದು ಜೋರು ಮಾಡಿದರು.

ಅತ್ತೆ ಸೆರಗು ಕಚ್ಚಿಕೊಂಡು ನರಳಿ ನರಳಿ ಹೋದರು. ಯಾವ ಚಟವೂ ಇಲ್ಲದೆ ಹೋದರು. ಉತ್ತರಕ್ರಿಯೆಯ ಊಟ ಮುಗಿದ ಸಂಜೆ ಭಾವ, "ಸಂಕಟ ತಡೀಲಿಕ್ಕೆ ಆಗುದಿಲ್ಲ," ಎನ್ನುತ್ತಾ ಬಾಟಲಿ ತೆರೆದರು. ಬೇಡ ಎಂದವರು ಯಾರೂ ಇಲ್ಲ.

ಪ್ರಯೋಗಾಲಯದಲ್ಲಿ ಇಲಿಯ ಮೈಗೆ ಕತ್ತರಿ ತಾಗಿಸಿದರೆ ನೋವಿನ ಮದ್ದು ಕೊಡಲೇಬೇಕು. ಕೊಡದಿದ್ದರೆ ಪ್ರಾಣಿಗಳ ಮೇಲಿನ ಪ್ರಯೋಗಗಳ ಮೇಲೆ ಕಣ್ಣಿಡುವ ಸಮಿತಿಯವರು ನನ್ನನ್ನು ನಿಲ್ಲಿಸಿ ಕೇಳುತ್ತಾರೆ. ಅತ್ತೆ ಇಲಿಯಾಗಿದ್ದಿದ್ದರೆ ಕೇಳುವವರಿರುತ್ತಿದ್ದರು.