ಯಂತ್ರಕ್ಕೆ ಕಟ್ಟಿದ ಜರಿ ಹಾರ

ಹೋದ ವರ್ಷ ದಸರಾ ಮುಗಿದ ಮೇಲೆ ನಡೆದದ್ದು. ನಾನು ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಸಹಾಯಕಿ. ಸಮುದ್ರದ ನೀರಿನಲ್ಲಿ ಸೇರಿರುವ ಅತಿ ಸಣ್ಣ ಪ್ಲಾಸ್ಟಿಕ್ ಚೂರುಗಳನ್ನು ಎಣಿಸುವುದು ನಮ್ಮ ಕೆಲಸ. "ಮೈಸೂರಲ್ಲಿ ಸಮುದ್ರ ಎಲ್ಲೈತೆ ಕಣಮ್ಮ" ಎಂದು ಹೂಟಗಳ್ಳಿಯ ನಮ್ಮ ಬೀದಿಯವರು ರೇಗಿಸುತ್ತಾರೆ. ಹೊರದೇಶದವರು ಒಂದೇ ಕಡಲಿನ ನೀರನ್ನು ಹಂಚಿ, ನಮ್ಮದೂ ಸೇರಿ ಐದು ದೇಶಗಳಿಗೆ ಕಳಿಸುತ್ತಾರೆ. ಐದೂ ಕಡೆಯ ಲೆಕ್ಕ ತಾಳೆಯಾದರೆ ಮಾತ್ರ ನಂಬುತ್ತಾರೆ.

ನಾನೂ ಸುಲಭಕ್ಕೆ ನಂಬುವವಳಲ್ಲ. ಹಾಲಿನವನು ಅಳೆಯುವಾಗ ಅವನ ಕೈಯನ್ನೇ ನೋಡುತ್ತಾ ನಿಲ್ಲುವವಳು.

ಆ ಸಲ ನಮ್ಮ ನೀರಿನಲ್ಲಿ ಮಾತ್ರ ಚಿನ್ನದ ಬಣ್ಣದ ಚೂರುಗಳು ಸಿಕ್ಕವು. ಕಾರಣ ಹುಡುಕಿ, ಇಲ್ಲದಿದ್ದರೆ ನಿಮ್ಮ ಲೆಕ್ಕವನ್ನು ಕೈಬಿಡಬೇಕಾಗುತ್ತದೆ ಎಂದು ಹೊರದೇಶದಿಂದ ಪತ್ರ ಬಂತು. ಪ್ರಯೋಗಾಲಯ ನಡೆಸುವ ನಮ್ಮ ಮೇಡಂ ಅವರ ಮೂರು ವರ್ಷದ ದುಡಿಮೆ ನೀರುಪಾಲಾಗುವ ಹೊತ್ತು. ನನಗೆ ಮೊದಲು ಗುಮಾನಿ ಬಂದದ್ದು ಆ ಹೊರದೇಶದವರ ಮೇಲೆಯೇ. ನಮ್ಮನ್ನು ಹೊರಗಿಡಲು ಬೇಕೆಂದೇ ಬೇರೆ ಬಾಟಲಿ ಕಳಿಸಿದ್ದಾರೆ ಎಂದೆ. ಮೇಡಂ ಒಪ್ಪಲಿಲ್ಲ.

ಆಮೇಲೆ ನನ್ನ ಕಣ್ಣು ಸವಿತಾಳ ಮೇಲೆ ಬಿತ್ತು. ನಜರ್‌ಬಾದಿನಿಂದ ಬರುತ್ತಿದ್ದ ಅವಳದು ನಮ್ಮಲ್ಲಿ ತಾತ್ಕಾಲಿಕ ಕೆಲಸ. ಪಾಲಿಯೆಸ್ಟರ್ ಎಳೆಯೂ ಪ್ಲಾಸ್ಟಿಕ್ಕೇ ಆದ್ದರಿಂದ ಒಳಗೆ ಹತ್ತಿಬಟ್ಟೆಯನ್ನೇ ತೊಡಬೇಕು. ಅವಳು ಮಿರಿಮಿರಿ ಜರಿ ಅಂಚಿನ ಸೀರೆಯಲ್ಲಿ ಬಂದು ಇಲ್ಲಿ ಬಟ್ಟೆ ಬದಲಿಸುತ್ತಿದ್ದಳು. ನಿಜವಾಗಿ ಬದಲಿಸುತ್ತಾಳೋ, ಸೀರೆಯ ಮೇಲೇ ಕೋಟು ಹಾಕಿಕೊಳ್ಳುತ್ತಾಳೋ? ಅವಳನ್ನು ಕೇಳದೆ ನೇರವಾಗಿ ಮೇಡಂ ಕಿವಿಗೆ ಹಾಕಿದೆ. ವಿಷಯ ಗೊತ್ತಾಗುವವರೆಗೆ ಬರುವುದು ಬೇಡ ಎಂದು ಅವರು ಹೇಳಿದರು. ಸವಿತಾ ತನ್ನ ಊಟದ ಡಬ್ಬಿ ಎತ್ತಿಕೊಂಡು ಹೋದಳು.

ನಾಲ್ಕನೇ ದಿನ ನಾನು, ನೀರು ಸೋಸುವ ಗಾಜಿನ ಗೂಡನ್ನು ಒರೆಸುತ್ತಿದ್ದೆ. ಶುದ್ಧ ಗಾಳಿ ಇಳಿದು ಬರುವ ಮೇಲಿನ ಜಾಲರಿಯ ಸಂದಿಯಲ್ಲಿ ಏನೋ ಮಿನುಗಿತು. ಕತ್ತೆತ್ತಿ ನೋಡಿದೆ, ಚಿನ್ನದ ಬಣ್ಣದ ಚೂರು.

ಆಯುಧಪೂಜೆಗೆ ಹೂವು, ಕುಂಕುಮ ಒಳಗೆ ತರಬೇಡಿ ಎಂದು ಮೇಡಂ ಹೇಳಿದ್ದರು. ಮನೆಯ ಸ್ಕೂಟರು, ಮಿಕ್ಸಿಗೆಲ್ಲ ಪೂಜೆ ಮಾಡಿ, ಅನ್ನ ಕೊಡುವ ಈ ಗೂಡಿನ ಯಂತ್ರವನ್ನು ಬೋಳಾಗಿ ಬಿಡಲು ನನಗೆ ಮನಸ್ಸು ಬಂದಿರಲಿಲ್ಲ. ಹೂವಲ್ಲ, ಕುಂಕುಮವಲ್ಲ, ಇದರಿಂದೇನಾಗುತ್ತದೆ ಎಂದು ಅಂಗಡಿಯ ಜರಿ ಹಾರವೊಂದನ್ನು ಕದ್ದುಮುಚ್ಚಿ ಅದರ ಜಾಲರಿಗೆ ಕಟ್ಟಿ, ಕೈಮುಗಿದು, ಮರುದಿನ ಬಿಚ್ಚಿದ್ದೆ. ದಿನವಿಡೀ ಪ್ಲಾಸ್ಟಿಕ್ ಹುಡುಕುವವಳಿಗೆ ಆ ಹಾರವೂ ಪ್ಲಾಸ್ಟಿಕ್ ಎಂದು ಹೊಳೆಯಲೇ ಇಲ್ಲ.

ಒರೆಸಿಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಟ್ಟೆ ಕೈಯಲ್ಲೇ ಇತ್ತು. ಆದರೆ ಸವಿತಾ ಹೋದ ರೀತಿ ಕಣ್ಣ ಮುಂದೆ ಬಂತು. ಚೂರನ್ನು ಗಾಜಿನ ತಟ್ಟೆಯಲ್ಲಿಟ್ಟು ಮೇಡಂ ಹತ್ತಿರ ಒಯ್ದು, ಎಲ್ಲ ಹೇಳಿದೆ.

ಅವರು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದೇ ಚಿನ್ನದ ಬಣ್ಣ. ಇದ್ದದ್ದನ್ನು ಇದ್ದ ಹಾಗೇ ಉಳಿದ ನಾಲ್ಕೂ ದೇಶಗಳಿಗೆ ಬರೆದರು. ನಗುತ್ತಾರೆ, ಇಲ್ಲವೇ ಹೊರಗಟ್ಟುತ್ತಾರೆ ಎಂದುಕೊಂಡಿದ್ದೆ. ಇಂಥ ಚೂರು ಮತ್ತೆ ಸಿಕ್ಕರೆ ಗುರುತು ಹಿಡಿಯಲು ಅನುಕೂಲವಾಗುತ್ತದೆ, ಆ ಹಾರದ ತುಂಡನ್ನು ನಮಗೂ ಕಳಿಸಿ ಎಂದು ಉತ್ತರ ಬಂತು. ಜೊತೆಗೆ ಹೊಸ ಬಾಟಲಿಯೂ ಬಂತು. ಈ ಸಲ ಲೆಕ್ಕ ತಾಳೆಯಾಯಿತು.

ಸವಿತಾಳನ್ನು ಕರೆಯಲು ಅವಳ ಮನೆಗೆ ನಾನೇ ಹೋದೆ. ತಪ್ಪಾಯಿತು ಎಂದೆ. ಅವಳು ಕಾಫಿ ಕೊಟ್ಟು, "ಅಕ್ಕ, ನನ್ನೇ ಒಂದ್ಮಾತು ಕೇಳ್ಬೋದಿತ್ತಲ್ಲ" ಎಂದಳು.

ಅವಳು ಮತ್ತೆ ಕೆಲಸಕ್ಕೆ ಬಂದಳು. ಈಗ ದಿನಾ ಬೆಳಿಗ್ಗೆ ಬಟ್ಟೆ ಬದಲಿಸಿ ನನ್ನ ಮುಂದೆ ನಿಂತು, ಕೋಟು ಬಿಚ್ಚಿ ತೋರಿಸುತ್ತಾಳೆ. "ನೋಡ್ಕೊಳ್ಳಿ ಅಕ್ಕ" ಎಂದು ನಗುತ್ತಾಳೆ. ನನಗೆ ಇನ್ನೂ ನಗಲು ಆಗಿಲ್ಲ.